ಚೌಳು ಗದ್ದೆ, ಬಸಿಗಾಲುವೆ ಮತ್ತು ನನ್ನ ಹನ್ನೊಂದು ವರ್ಷ

ಹೋದ ವಾರ ಒಕ್ಕಣೆ ಮುಗಿಯಿತು. 1 ಎಕರೆ 10 ಗುಂಟೆಯಲ್ಲಿ 14 ಮೂಟೆ ಭತ್ತ ಬಂತು. ಮಂಡ್ಯದ ಕಡೆಯವರು ಇದನ್ನು ಓದಿದರೆ ನಗಬಹುದು. ಇಷ್ಟೇ ಜಾಗದಲ್ಲಿ 40 ಮೂಟೆ ತೆಗೆಯುವವರು ನಮ್ಮ ಊರಲ್ಲೇ ಇದ್ದಾರೆ. ಆದರೆ ಈ ಗದ್ದೆಯಲ್ಲಿ ಹದಿನೈದು ವರ್ಷದಿಂದ ಹುಲ್ಲೂ ನೆಟ್ಟಗೆ ಹುಟ್ಟಿರಲಿಲ್ಲ. ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಿರುತ್ತಿತ್ತು. ದನ ಕೂಡ ಆ ಕಡೆ ಹೋಗುತ್ತಿರಲಿಲ್ಲ.

ಇದು ಚೌಳು ಗದ್ದೆಯನ್ನು, ಅಂದರೆ ಉಪ್ಪು-ಕ್ಷಾರ ಸೇರಿ ಕೆಟ್ಟ ಗದ್ದೆಯನ್ನು, ಸರಿಮಾಡಿಕೊಂಡ ಕಥೆ. ಜೊತೆಗೆ ನಾನು ಮತ್ತೆ ಚರ್ಚಿಗೆ ಹೋಗಲು ಶುರು ಮಾಡಿದ ಕಥೆಯೂ ಹೌದು. ಎರಡನ್ನೂ ಬೇರೆಬೇರೆ ಬರೆಯೋಣ ಅಂತ ಕೂತೆ, ಆಗಲಿಲ್ಲ. ಒಂದರ ಕಾಗದ ಇನ್ನೊಂದರ ಕಪಾಟಿನಲ್ಲಿ ಸಿಕ್ಕಿತ್ತು. ಅದು ಹೇಗೆ ಅನ್ನುವುದು ಮುಂದೆ ಬರುತ್ತದೆ.

ನಮ್ಮ ಊರು ವಿಶ್ವೇಶ್ವರಯ್ಯ ನಾಲೆಯ ಒಂದು ಉಪನಾಲೆಯ ಕೊನೆಯಲ್ಲಿದೆ. ಮಂಡ್ಯಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ. ಕೆಆರ್‌ಎಸ್ ಕಟ್ಟಲು ಶುರುವಾಗಿದ್ದು 1911ರಲ್ಲಿ. ಈ ನಾಲೆಗೆ ಮೊದಲು ಇರ್ವಿನ್ ನಾಲೆ ಅಂತ ಹೆಸರಿತ್ತು. ನಾಲೆ ಬರುವ ಮೊದಲು ನಮ್ಮ ತಾತನ ಅಪ್ಪ ಇದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ನೀರು ಬಂದ ಮೇಲೆ ಭತ್ತ, ಕಬ್ಬು. ನಮ್ಮ ಅಪ್ಪನಿಗಂತೂ ನೀರು ಎಂದರೆ ಪ್ರಾಣ. ನಾಲೆಯಲ್ಲಿ ನೀರಿದ್ದ ದಿನ ತೂಬು ಮುಚ್ಚಿದ್ದನ್ನು ನಾನು ನೋಡಿಲ್ಲ. ಕಬ್ಬಿನ ಕೂಳೆಯ ಮೇಲೆ ಕೂಳೆ ಬಿಟ್ಟು, ವರ್ಷಪೂರ್ತಿ ನಿಲ್ಲಿಸಿ ನಿಲ್ಲಿಸಿ ನೀರು ಕಟ್ಟಿದರು. ಗದ್ದೆಯಿಂದ ನೀರು ಹೊರಗೆ ಹೋಗಲು ಇದ್ದ ಹಳೇ ಬಸಿಗಾಲುವೆಯನ್ನು ಮುಚ್ಚಿ ಎರಡು ಗುಂಟೆ ಜಾಸ್ತಿ ಮಾಡಿಕೊಂಡರು. ಆಗ ಅದು ಬುದ್ಧಿವಂತಿಕೆ ಅನಿಸಿತ್ತು.

ನೆಲದ ಅಡಿಯ ನೀರು ಮೇಲಕ್ಕೆ ಬಂತು. ಅದರ ಜೊತೆ ಉಪ್ಪೂ ಬಂತು. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮಾತ್ರ ನೆಲದ ಮೇಲೇ ಉಳಿಯುತ್ತದೆ. ಇದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಿ. ನಮ್ಮ ಕಡೆಯ ಚೌಳು ನೀರು ಕಮ್ಮಿಯಾಗಿ ಆದದ್ದಲ್ಲ. ಬಂದ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲದೆ ಆದದ್ದು.

ನಾನು ಇಪ್ಪತ್ತೆರಡು ವರ್ಷ ಮೈಸೂರಿನಲ್ಲಿ ಒಂದು ಮುದ್ರಣಾಲಯದಲ್ಲಿದ್ದೆ. ಅದು ಬಾಗಿಲು ಹಾಕಿತು. 2023ರ ಜನವರಿಯಲ್ಲಿ ಊರಿಗೆ ಬಂದೆ. ಅಪ್ಪ ತೀರಿಕೊಂಡು ಆಗಲೇ ಹನ್ನೊಂದು ವರ್ಷ. ಅವರ ಮೂವತ್ತನೇ ದಿನದ ಪೂಜೆಯ ದಿನವೇ ನಾನೂ ನಮ್ಮಣ್ಣನೂ ಭಾಗದ ವಿಷಯಕ್ಕೆ ಚರ್ಚಿನ ಅಂಗಳದಲ್ಲೇ ಕೈಕೈ ಮಿಲಾಯಿಸಿದ್ದೆವು. ಅಣ್ಣನಿಗೆ ಒಳ್ಳೆ ಗದ್ದೆ, ನನಗೆ ಚೌಳು ಬಂದಿತ್ತು. ಬಿಡಿಸಲು ಬಂದ ಫಾದರಿಗೂ ನಾನು ಆಡಬಾರದ ಮಾತು ಆಡಿದೆ. ಆ ದಿನದಿಂದ ಅಣ್ಣನ ಮನೆಗೂ ಹೋಗಲಿಲ್ಲ, ಚರ್ಚಿಗೂ ಹೋಗಲಿಲ್ಲ. ಮೈಸೂರಿನಲ್ಲಿ ಸಂತ ಫಿಲೋಮಿನಾ ಚರ್ಚಿನ ಮುಂದೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆ ಎರಡು ಗೋಪುರ ಕಂಡಾಗಲೆಲ್ಲ ಮೊಬೈಲ್ ನೋಡುವವನ ಹಾಗೆ ತಲೆ ತಗ್ಗಿಸುತ್ತಿದ್ದೆ.

ಮೊದಲ ಕೆಲಸ ಮಣ್ಣು ಪರೀಕ್ಷೆ. ಇಲ್ಲೇ ನಾನು ಮುಗ್ಗರಿಸಿದೆ. ಮನೆಯಲ್ಲಿದ್ದ ಯೂರಿಯಾ ಚೀಲ ಕೊಡವಿ ಅದರಲ್ಲಿ ಮಣ್ಣು ತುಂಬಿಕೊಂಡು ಹೋದೆ. ಪ್ರಯೋಗಾಲಯದ ಹುಡುಗಿ ಚೀಲ ನೋಡಿದಳು, ನನ್ನ ಮುಖ ನೋಡಿದಳು. "ಅಂಕಲ್, ಇದು ನಿಮ್ಮ ಗದ್ದೆ ಪರೀಕ್ಷೆ ಆಗಲ್ಲ, ಯೂರಿಯಾ ಪರೀಕ್ಷೆ ಆಗ್ತದೆ" ಅಂದಳು. ವಾಪಸ್ ಬಂದೆ. ಹೋಗುವವರು ಹೀಗೆ ಮಾಡಿ: ತಿಪ್ಪೆ ಇದ್ದ ಜಾಗ, ಬದುವಿನ ಪಕ್ಕ, ಮರದ ಬುಡ ಬಿಟ್ಟು ಏಳೆಂಟು ಕಡೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಗುಂಡಿ ತೆಗೆಯಿರಿ. ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಪದರ ಕೆತ್ತಿ ತೆಗೆಯಿರಿ. ನೆರಳಲ್ಲಿ ಒಣಗಿಸಿ. ಬಟ್ಟೆ ಚೀಲದಲ್ಲಿ ಅರ್ಧ ಕಿಲೋ ಸಾಕು. ಬೆಳ್ಳಗಾದ ಜಾಗದ ಮಣ್ಣನ್ನು ಬೇರೆ ಚೀಲದಲ್ಲಿ ಕೊಡಿ, ಚೆನ್ನಾಗಿರುವ ಜಾಗದ್ದರ ಜೊತೆ ಸೇರಿಸಬೇಡಿ. ಮತ್ತೆ, ಜಿಪ್ಸಂ ಎಷ್ಟು ಬೇಕು ಅನ್ನುವ ಪರೀಕ್ಷೆಯನ್ನು ಬಾಯಿಬಿಟ್ಟು ಕೇಳಿ. ಮಾಮೂಲಿ ವರದಿಯಲ್ಲಿ ಅದು ಇರುವುದಿಲ್ಲ.

ವರದಿ ಬರಲು ಐದು ವಾರ ಹಿಡಿಯಿತು. ರಸಸಾರ (ಪಿಎಚ್) 9.4. ಚೌಳಿನಲ್ಲಿ ಎರಡು ಬಗೆ ಅಂತ ಆಗಲೇ ಗೊತ್ತಾಗಿದ್ದು. ಬರೀ ಉಪ್ಪು ಸೇರಿದ ನೆಲವಾದರೆ ರಸಸಾರ 8.5ಕ್ಕಿಂತ ಕಮ್ಮಿ ಇರುತ್ತದೆ. ಅಂಥದಕ್ಕೆ ಬಸಿಗಾಲುವೆ ತೆಗೆದು ಒಳ್ಳೆ ನೀರಿನಲ್ಲಿ ತೊಳೆದರೆ ಸಾಕು, ಜಿಪ್ಸಂಗೆ ಸುಮ್ನೆ ದುಡ್ಡು ಹಾಕಬೇಡಿ. ನನ್ನದು ಇನ್ನೊಂದು ಬಗೆ, ಕ್ಷಾರದ ನೆಲ. ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡಿರುತ್ತದೆ. ಮಣ್ಣು ಹೆಂಟೆಯಾಗದೆ ನುಣ್ಣಗೆ ಗಾರೆಯ ಹಾಗೆ ಕೂತುಬಿಡುತ್ತದೆ. ಮೇಲೆ ನೀರು ನಿಂತಿರುತ್ತದೆ, ಒಂದು ಗೇಣು ಕೆಳಗೆ ಅಗೆದರೆ ಒಣಕಲು. ಆ ವರದಿ ಹಿಡಿದು ಬಸ್ಸಿನಲ್ಲಿ ಕೂತಾಗ ಇದು ನನ್ನದೇ ವರದಿ ಅನಿಸಿತು. ನಮ್ಮ ಮನೆಯಲ್ಲಿ ದಿನಾ ಸಂಜೆ ಜಪಸರ, ಭಾನುವಾರ ಪೂಜೆ, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಶಿಲುಬೆ ಹಾದಿ. ಯಾವುದಕ್ಕೂ ಕಮ್ಮಿ ಇರಲಿಲ್ಲ. ಚಿಕ್ಕಂದಿನಿಂದ ಅಷ್ಟು ನೀರು ಹರಿದಿದೆ ನನ್ನ ಮೇಲೆ. ಒಳಗೆ ಇಳಿದದ್ದು ಏನು?

ಜಿಪ್ಸಂ ಸಹಾಯಧನದಲ್ಲಿ ಸಿಗುತ್ತದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಹೇಳಿದರು. ಅದಕ್ಕೆ ಫ್ರೂಟ್ಸ್ ನಂಬರ್, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ ಬೇಕು. ಆ ನಂಬರಿಗೆ ಜಮೀನಿನ ದಾಖಲೆಯಾದ ಪಹಣಿ ನನ್ನ ಹೆಸರಿನಲ್ಲಿರಬೇಕು. ಪಹಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಭಾಗ ಆಗಿದ್ದೆಲ್ಲ ಬಾಯಿಮಾತಿನಲ್ಲಿ. ಹಾಗಾಗಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಬೇಕು. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಅವ್ವ, ಅಣ್ಣ, ನಂಜನಗೂಡಿನಲ್ಲಿರುವ ತಂಗಿ, ನಾನು, ಎಲ್ಲರ ಆಧಾರ್ ಮತ್ತು ಒಪ್ಪಿಗೆ ಬೇಕು. ಅಂದರೆ ಅಣ್ಣನ ಸಹಿಯೂ ಬೇಕು. ಅದನ್ನು ಕೇಳಿಯೇ ನನ್ನ ಹೊಟ್ಟೆ ತೊಳಸಿತು.

ಅದಕ್ಕೂ ಮುಂಚೆ ಇನ್ನೊಂದು ತೊಡಕು ಬಂತು. ನಮ್ಮವರಿಗೆ ಇದು ಆಗೇ ಆಗುತ್ತದೆ, ಗಮನವಿಟ್ಟು ಓದಿ. ಪಹಣಿಯಲ್ಲಿ ಅಪ್ಪನ ಹೆಸರು ಅಂತೋಣಪ್ಪ. ಮರಣ ಪತ್ರದಲ್ಲಿ ಆಂಥೋನಿ. ಮತದಾರರ ಚೀಟಿಯಲ್ಲಿ ಅಂತೋನಿ. ಮೂರು ಜನ! ಇವರೆಲ್ಲ ಒಬ್ಬರೇ ಅಂತ ಸಾಬೀತು ಮಾಡಿ ಎಂದರು ಒಂದು ಕಚೇರಿಯಲ್ಲಿ. ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ. ಅದರ ಜೊತೆಗೆ ಹಳೆಯ ದಾಖಲೆ ಒಂದಾದರೂ ಇರಲಿ ಅಂದರು. ಅಪ್ಪ ಶಾಲೆಗೆ ಹೋದವರಲ್ಲ. ಹಾಗಾಗಿ ಉಳಿದದ್ದು ಒಂದೇ, ಚರ್ಚಿನ ಜ್ಞಾನಸ್ನಾನದ ದಾಖಲೆ ಪುಸ್ತಕ.

ಹೀಗೆ ಹನ್ನೊಂದು ವರ್ಷದ ಮೇಲೆ ನಾನು ಚರ್ಚಿಗೆ ಹೋಗಿದ್ದು ಭಕ್ತಿಗಲ್ಲ, ಒಂದು ಕಾಗದಕ್ಕೆ.

ಅವತ್ತು 2023ರ ಮಾರ್ಚ್ 21, ಮಂಗಳವಾರ. ಮಾರನೇ ದಿನ ಯುಗಾದಿ, ಕಚೇರಿಗೆಲ್ಲ ರಜೆ, ಅದಕ್ಕೇ ಅವಸರದಲ್ಲಿ ಬೆಳಿಗ್ಗೆಯೇ ಹೋಗಿದ್ದೆ. ಪೂಜೆ ನಡೆಯುತ್ತಿತ್ತು. ಮುಗಿಯಲಿ ಅಂತ ಕಡೇ ಬೆಂಚಿನಲ್ಲಿ ಕೂತೆ. ತಪಸ್ಸುಕಾಲದ ನಾಲ್ಕನೇ ವಾರದ ಮಂಗಳವಾರ ಓದುವುದು ಪ್ರವಾದಿ ಯೆಜೆಕಿಯೇಲನ ಗ್ರಂಥದ 47ನೇ ಅಧ್ಯಾಯ. ದೇವಾಲಯದ ಹೊಸ್ತಿಲ ಕೆಳಗಿಂದ ನೀರು ಜಿನುಗುತ್ತದೆ. ಮೊದಲು ಪಾದದುದ್ದ, ಆಮೇಲೆ ಮೊಣಕಾಲುದ್ದ, ಸೊಂಟದುದ್ದ, ಕೊನೆಗೆ ಈಜಬೇಕಾದ ಹೊಳೆ. ಅದು ಉಪ್ಪಿನ ಸಮುದ್ರಕ್ಕೆ ಬಿದ್ದು ಅಲ್ಲಿನ ನೀರೂ ಸಿಹಿಯಾಗುತ್ತದೆ. ಅದು ಹರಿದ ಕಡೆಯೆಲ್ಲ ಜೀವ. ಜೇಬಿನಲ್ಲಿ ಮಣ್ಣಿನ ವರದಿ ಇಟ್ಟುಕೊಂಡು ಕೂತಿದ್ದ ನನಗೆ ಒಳಗೆ ಏನೋ ಅಲ್ಲಾಡಿತು. ಸುಳ್ಳು ಯಾಕೆ ಹೇಳಲಿ, ಕೋಪವೂ ಬಂತು. ನೀರು ಬಂದ ಕಡೆಯೆಲ್ಲ ಜೀವ ಅಂತೆ. ನಮ್ಮ ಗದ್ದೆಗೆ ಬಂದು ನೋಡಲಿ ಅಂದುಕೊಂಡೆ.

ಮನೆಗೆ ಬಂದು ಅವ್ವನ ಬೈಬಲ್ ತೆಗೆದು ನೋಡಿದೆ. ಪೂಜೆಯಲ್ಲಿ ಓದುವಾಗ ನಡುವೆ ಎರಡು ವಚನ ಬಿಡುತ್ತಾರೆ, ಹತ್ತು ಮತ್ತು ಹನ್ನೊಂದು. ಹನ್ನೊಂದನೆಯದರಲ್ಲಿ ಇರುವುದು ಇಷ್ಟು: ಅಲ್ಲಿನ ಜೌಗು, ಕೆಸರುಗುಂಡಿಗಳು ಮಾತ್ರ ಸಿಹಿಯಾಗುವುದಿಲ್ಲ, ಅವು ಉಪ್ಪಿಗೇ ಬಿಟ್ಟ ಜಾಗ. ನಾನು ಅದನ್ನು ನಾಲ್ಕು ಸಲ ಓದಿದೆ. ಅದೇ ಹೊಳೆ, ಅದೇ ನೀರು. ಹರಿಯುವ ಕಡೆ ಮೀನು, ನಿಲ್ಲುವ ಕಡೆ ಉಪ್ಪು. ಯೆಜೆಕಿಯೇಲ ಮಂಡ್ಯ ನೋಡದಿದ್ದರೂ ಚೌಳು ಬಲ್ಲವನು. ನಾನು ಒಣಗಿದ್ದೇನೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಒಣಗಿರಲಿಲ್ಲ, ಕಟ್ಟಿಕೊಂಡಿದ್ದೆ.

ದಾಖಲೆಯ ವಿಷಯಕ್ಕೆ ಬರ್ತೀನಿ. ಫಾದರ್ ಹೊಸಬರು, ನನ್ನ ಹಳೇ ಜಗಳ ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಎಲ್ಲ ಗೊತ್ತಿತ್ತು! ಏನೂ ಆಡಿ ತೋರಿಸಲಿಲ್ಲ. ಅಂಚು ಜೀರ್ಣವಾದ ಪುಸ್ತಕ ತೆಗೆದು ಬೆರಳಿಟ್ಟು ಹುಡುಕಿದರು. 1938ರ ಪುಟದಲ್ಲಿ ಅಪ್ಪ ಸಿಕ್ಕರು, ಲ್ಯಾಟಿನ್ನಿನಲ್ಲಿ, ಆಂತೋನಿಯುಸ್ ಅಂತ. ನಾಲ್ಕನೇ ಹೆಸರು! ಇಬ್ಬರೂ ನಕ್ಕೆವು. ಅಪ್ಪನ ಅಪ್ಪ ಅಮ್ಮನ ಹೆಸರು, ಊರು, ಎಲ್ಲ ಇತ್ತು. ಅದರ ನಕಲಿಗೆ ಚರ್ಚಿನ ಮುದ್ರೆ ಹಾಕಿ ಕೊಟ್ಟರು. ಅದೊಂದರಿಂದಲೇ ಕೆಲಸ ಆಗುವುದಿಲ್ಲ, ಅಫಿಡವಿಟ್ ಜೊತೆಗಿಟ್ಟರೆ ತೂಕ ಬರುತ್ತದೆ. ನಿಮ್ಮ ಮನೆಯಲ್ಲೂ ಹಿರಿಯರಿಗೆ ಊರಿನ ಹೆಸರು ಒಂದು, ಜ್ಞಾನಸ್ನಾನದ ಹೆಸರು ಒಂದು ಇದ್ದರೆ ಅವರು ಇರುವಾಗಲೇ ಎಲ್ಲ ಒಂದೇ ಮಾಡಿಸಿಡಿ.

ಹೊರಡುವಾಗ ಫಾದರ್ ಕೇಳಿದ್ದು ಒಂದೇ ಮಾತು. "ಸಹಿ ಯಾರ್‍ಯಾರದು ಬೇಕಂತೆ?" ನಾನು ಉತ್ತರ ಕೊಡದೆ ಬಂದೆ.

ಅಣ್ಣನ ಹತ್ತಿರ ಹೋಗಲೇಬೇಕಾಗಿದ್ದು ಸಹಿಗೆ ಮಾತ್ರ ಅಲ್ಲ. ಬಸಿಗಾಲುವೆ ತೆಗೆದರೆ ನೀರು ಎಲ್ಲಿಗೆ ಬಿಡುವುದು? ನಮ್ಮ ಗದ್ದೆಗಿಂತ ಕೆಳಗಿರುವುದು ಅಣ್ಣನ ಗದ್ದೆ, ಅದರಾಚೆ ಹಳ್ಳ. ಬೇರೆ ದಾರಿಯೇ ಇಲ್ಲ. ಒಬ್ಬ ಹಿರಿಯ ಕೃಷಿ ಅಧಿಕಾರಿ ಬಂದು ನೋಡಿ ಹೇಳಿದ್ದು ನೆನಪಿದೆ. "ಜಿಪ್ಸಂ ಎಷ್ಟಾರ ಹಾಕಿ ಸ್ವಾಮಿ, ಹೊರಕ್ಕೆ ದಾರಿ ಇಲ್ಲ ಅಂದ್ರೆ ಉಪ್ಪು ಇಲ್ಲೇ ಸುತ್ತಾಡ್ಕೊಂಡಿರ್ತದೆ." ಬಸಿಗಾಲುವೆ ಇಲ್ಲದೆ ಜಿಪ್ಸಂ ಹಾಕಿದವರು ನಮ್ಮ ಸುತ್ತಮುತ್ತ ಬೇಕಾದಷ್ಟು ಜನ. ಎರಡು ವರ್ಷ ಚೆನ್ನಾಗಿದ್ದು ಮತ್ತೆ ಬೆಳ್ಳಗಾದ ಗದ್ದೆಗಳು ಅವರವು.

ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗು ಅಂತ ಯೇಸು ಹೇಳಿದ್ದು ಮತ್ತಾಯನ ಐದನೇ ಅಧ್ಯಾಯದಲ್ಲಿ. 'ನೀವು ಭೂಮಿಗೆ ಉಪ್ಪು' ಅನ್ನುವ ಮಾತು ಬರುವುದೂ ಅದೇ ಅಧ್ಯಾಯದಲ್ಲೇ, ಹತ್ತೇ ವಚನ ಮೇಲೆ. ನಾನು ಎಂಥ ಉಪ್ಪಾಗಿದ್ದೆ ಅನ್ನುವುದು ಗದ್ದೆ ನೋಡಿದವರಿಗೆ ಗೊತ್ತಾಗುತ್ತದೆ. ಹಳೇ ಒಡಂಬಡಿಕೆಯಲ್ಲಿ ಅಬೀಮೆಲೆಕ ಅಂತ ಒಬ್ಬ ಬರುತ್ತಾನೆ, ಊರು ಹಾಳುಮಾಡಿ ಅದರ ಮೇಲೆ ಉಪ್ಪು ಬಿತ್ತಿದವನು. ಅವನು ಅದಕ್ಕೂ ಮುಂಚೆ ಮಾಡಿದ ಕೆಲಸ ಏನು ಗೊತ್ತಾ? ಅಣ್ಣತಮ್ಮಂದಿರನ್ನು ಕೊಂದದ್ದು.

ಮೊದಲ ಸಲ ಹೋದಾಗ ಅಣ್ಣ ಮನೆಯಲ್ಲಿರಲಿಲ್ಲ, ಅಥವಾ ಇಲ್ಲ ಅಂತ ಹೇಳಿಸಿದ. ಅತ್ತಿಗೆ ಕಾಫಿ ಕೊಟ್ಟರು, ಕುಡಿದು ಬಂದೆ. ಎರಡನೇ ಸಲ ಇದ್ದ. ಕೊಟ್ಟಿಗೆಯಲ್ಲಿ ಹಸು ಹಾಲು ಕರೆಯುತ್ತಿದ್ದ, ಬೆನ್ನು ತಿರುಗಿಸಲಿಲ್ಲ. ಅರ್ಧ ಗಂಟೆ ನಿಂತೆ. ಕಾಲು ನೋಯಲು ಶುರುವಾಯಿತು, ಬಂದೆ. ಜೂನ್ 13ಕ್ಕೆ ಡೋರನಹಳ್ಳಿ ಅಂತೋಣಿಯಪ್ಪನ ಹಬ್ಬ. ಅಪ್ಪನ ಹೆಸರಿನ ಸಂತ ಬೇರೆ. ಅವ್ವ ಹಟ ಹಿಡಿದಳು, ಕರೆದುಕೊಂಡು ಹೋದೆ. ಕೆ.ಆರ್. ನಗರದ ಕಡೆಯ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಆ ಜಾಗದ ಕಥೆ ನಿಮಗೂ ಗೊತ್ತಿರಬಹುದು. ಒಬ್ಬ ರೈತ ಹೊಲ ಉಳುವಾಗ ನೇಗಿಲಿಗೆ ಒಂದು ಮರದ ಮೂರ್ತಿ ಸಿಕ್ಕಿತಂತೆ. ಬೊಂಬೆ ಅಂದುಕೊಂಡು ಮಕ್ಕಳಿಗೆ ಆಟಕ್ಕೆ ಕೊಟ್ಟನಂತೆ. ಅದು ಯಾರು ಅಂತ ಅವನಿಗೆ ಗೊತ್ತಾಗಿದ್ದು ಆಮೇಲೆ. ಅವ್ವ ಸಾಲಿನಲ್ಲಿ ನಿಂತು ನನಗೆ ಕೇಳುವ ಹಾಗೇ ಪ್ರಾರ್ಥನೆ ಮಾಡಿದಳು. "ನನ್ನಪ್ಪಾ, ನಾನು ಸಾಯೋದ್ರೊಳಗೆ ಈ ಎರಡು ಎಮ್ಮೆಗಳು ಒಂದೇ ಗೊಂತಿಗೆ ಬರೋ ಹಂಗೆ ಮಾಡು."

ಮೂರನೇ ಸಲ ಹೋದಾಗ ಅಣ್ಣ ಜಗಲಿಯ ಮೇಲೆ ಕೂತಿದ್ದ. ನಾನು ಏನೇನೋ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು "ಅಣ್ಣ, ಅವತ್ತು ನಂದು ತಪ್ಪಾಯ್ತು" ಅಷ್ಟೇ. ಅವನು ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಅಪ್ಪನ ಸಮಾಧಿ ಕಲ್ಲು ನಾನೊಬ್ನೇ ಹಾಕಿಸ್ದೆ. ಮೂವತ್ತಾರು ಸಾವಿರ. ಒಂದಿನ ಬಂದು ನೋಡಿದ್ದೀಯೇನ್ಲಾ?" ನೋಡಿರಲಿಲ್ಲ. ಅರ್ಧ ಕೊಡ್ತೀನಿ ಅಂದೆ. "ಕಾಸು ಯಾರ್ಲಾ ಕೇಳಿದ್ದು?" ಅಂತ ರೇಗಿದ. ಆದರೂ ಕೊಟ್ಟೆ, ತೆಗೆದುಕೊಂಡ. ಗದ್ದೆಯ ಲೆಕ್ಕದಲ್ಲಿ ಈ 18,000 ಬರೆಯಬೇಕೋ ಬೇಡವೋ ನನಗೆ ಗೊತ್ತಿಲ್ಲ, ಬರೆದಿದ್ದೇನೆ. ಸಹಿ ಹಾಕಿದ. ಕಾಲುವೆ ವಿಷಯ ನಾನು ಎತ್ತುವ ಮೊದಲೇ ಅವನೇ ಕೇಳಿದ, "ಜೆಸಿಬಿ ಯಾವತ್ತು ಬತ್ತದೆ?" ಅತ್ತಿಗೆ ಹೇಳಿಬಿಟ್ಟಿದ್ದರು.

ಇದನ್ನೆಲ್ಲ ಒಂದೇ ಸಂಜೆ ಮುಗಿದ ಸಿನಿಮಾ ಅಂದುಕೊಳ್ಳಬೇಡಿ. ಅದಾದ ಮೇಲೂ ಕಾಲುವೆ ಅವನ ಬದುವಿನ ಯಾವ ಮಗ್ಗುಲಲ್ಲಿ ಹೋಗಬೇಕು ಅಂತ ನಾಲ್ಕು ದಿನ ಜಗಳವಾಡಿದೆವು. ಕೊನೆಗೆ ಎರಡು ಗುಂಟೆ ನಾನು ಬಿಟ್ಟುಕೊಟ್ಟೆ. ಅಪ್ಪ ಮುಚ್ಚಿ ಉಳಿಸಿಕೊಂಡಿದ್ದ ಅದೇ ಎರಡು ಗುಂಟೆ.

ಜೆಸಿಬಿಗೆ ಆಗ ಗಂಟೆಗೆ 1,200. ಆರು ಗಂಟೆ ಹಿಡಿಯಿತು. ಮೂರು ಅಡಿ ಆಳ, ನನ್ನ ಗದ್ದೆಯಲ್ಲಿ 210 ಅಡಿ, ಅಣ್ಣನದರಲ್ಲಿ 140 ಅಡಿ ಉದ್ದ. ಹಳೇ ಕಾಲುವೆಯ ಕಲ್ಲುಗಳು ಹಾಗೇ ಸಿಕ್ಕವು. ತೆಗೆದ ಎರಡನೇ ದಿನವೇ ಕಾಲುವೆಯ ಗೋಡೆಯಿಂದ ಚಹಾದ ಬಣ್ಣದ ನೀರು ತೊಟ್ಟಿಕ್ಕಲು ಶುರುವಾಯಿತು. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ. ಉಪ್ಪುಪ್ಪು, ಒಗರು. ನಲವತ್ತು ವರ್ಷದ ಹಳೇ ನೀರು ಇರಬೇಕು. ತೆಗೆಸುವವರಿಗೆ ಎರಡು ಮಾತು: ಹಳ್ಳದ ಕಡೆಯಿಂದ ಅಗೆಯುತ್ತಾ ಮೇಲಕ್ಕೆ ಬನ್ನಿ, ಇಳಿಜಾರು ತಪ್ಪುವುದಿಲ್ಲ. ಗೋಡೆ ನೆಟ್ಟಗೆ ಕಡಿಸಬೇಡಿ, ಓರೆಯಾಗಿರಲಿ. ನನ್ನದು ಮೊದಲ ಮಳೆಗೇ ಎರಡು ಕಡೆ ಕುಸಿಯಿತು.

ಪೌತಿ ಖಾತೆ ಜುಲೈನಲ್ಲಿ ಆಯಿತು, ನಾಲ್ವರ ಹೆಸರಿನಲ್ಲಿ ಜಂಟಿಯಾಗಿ. ಫ್ರೂಟ್ಸ್ ನಂಬರಿಗೆ ಅಷ್ಟು ಸಾಕು. ಬೇರೆ ಪಹಣಿ ಬೇಕಾದರೆ ಭಾಗದ ಅಳತೆಯ ಹನ್ನೊಂದು ಇ ನಕ್ಷೆ, ವಿಭಾಗ ಪತ್ರದ ನೋಂದಣಿ ಎಲ್ಲ ಆಗಬೇಕು. ಅದನ್ನು ನಾವು ಇನ್ನೂ ಮಾಡಿಸಿಲ್ಲ. ಈಗ ಅವಸರವೂ ಕಾಣುತ್ತಿಲ್ಲ. ಜಿಪ್ಸಂ ಒಟ್ಟು 3 ಟನ್ ಬೇಕಿತ್ತು. ಅರ್ಧ ಸಹಾಯಧನದಲ್ಲಿ ಸಿಕ್ಕಿತು, ಇನ್ನರ್ಧ ಹೊರಗೆ ಕೊಂಡೆ. ಸಾಗಣೆ, ಕೂಲಿ ಸೇರಿ ಕೈಯಿಂದ ಹೋಗಿದ್ದು 15,000 ಚಿಲ್ಲರೆ. ಗದ್ದೆ ಮಟ್ಟ ಮಾಡಿ, ಎರಚಿ, ಮೇಲಿನ ನಾಲ್ಕು ಇಂಚಿನಲ್ಲಷ್ಟೇ ಬೆರೆಯುವ ಹಾಗೆ ಉಳಬೇಕು. ಆಳಕ್ಕೆ ಹಾಕಿದರೆ ಶಕ್ತಿ ಹಂಚಿಹೋಗುತ್ತದೆ.

ಜಿಪ್ಸಂ ಕೂಡ ಒಂದು ಬಗೆಯ ಉಪ್ಪೇ ಅಂತ ನನಗೆ ಆಗ ತಿಳಿದದ್ದು. ಅದರಲ್ಲಿರುವ ಕ್ಯಾಲ್ಸಿಯಂ ಹೋಗಿ ಮಣ್ಣಿಗಂಟಿದ ಸೋಡಿಯಂ ಅನ್ನು ಎಬ್ಬಿಸಿ ತಾನು ಅಲ್ಲಿ ಕೂರುತ್ತದೆ. ಎದ್ದ ಸೋಡಿಯಂ ನೀರಿನ ಜೊತೆ ಹೊರಟುಹೋಗುತ್ತದೆ. ಎಲೀಷ ಪ್ರವಾದಿ ಜೆರಿಕೋ ಊರಿನ ಕೆಟ್ಟ ನೀರಿನ ಬುಗ್ಗೆಗೆ ಉಪ್ಪು ಹಾಕಿ ಸರಿಮಾಡಿದ ಕಥೆ ಕೇಳಿದಾಗ ಚಿಕ್ಕಂದಿನಲ್ಲಿ ನಗು ಬರುತ್ತಿತ್ತು. ಈಗ ಬರಲ್ಲ. ಹಾಗಂತ ಗದ್ದೆಗೂ ಮನಸ್ಸಿಗೂ ಗೆರೆ ಎಳೆದು ಎಲ್ಲ ಹೊಂದಿಸಲು ಹೋಗಬೇಡಿ. ಜೆಸಿಬಿ ಯಾರು, ಕೂಲಿ ಆಳು ಯಾರು ಅಂತ ಚರ್ಚಿನಲ್ಲಿ ಧರ್ಮಪಾಠ ಹೇಳುವ ನಮ್ಮ ಉಪದೇಶಿಗಳು ಕೇಳಿದರು. ನನಗೆ ಗೊತ್ತಿಲ್ಲ.

ಜಿಪ್ಸಂ ಹಾಕಿ ಆಯಿತು. ಇನ್ನು ನೀರು ನಿಲ್ಲಿಸಿ ತೊಳೆಯಬೇಕು. ನೀರೇ ಇಲ್ಲ!

2023 ಹೇಗಿತ್ತು ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಮುಂಗಾರು ಕೈಕೊಟ್ಟಿತು, ಕೆಆರ್‌ಎಸ್ ತುಂಬಲೇ ಇಲ್ಲ. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ಹರಿಸಿದ ನೀರು ಕೊನೆ ಭಾಗದ ನಮಗೆ ಮುಟ್ಟಲಿಲ್ಲ. ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್, ರಸ್ತೆ ತಡೆ, ಬೆಂಗಳೂರು ಹೆದ್ದಾರಿಯಲ್ಲಿ ಟೈರ್ ಹೊಗೆ. ನಾನೂ ಹೋಗಿ ಕೂತಿದ್ದೆ. ಗದ್ದೆಯಲ್ಲಿ ಜಿಪ್ಸಂ ಹಾಗೇ ಬಿದ್ದಿತ್ತು. ಕೊಳವೆಬಾವಿ ನೀರಲ್ಲಿ ತೊಳೆಯೋಣ ಅಂತ ಒಬ್ಬರು ಹೇಳಿದರು. ಆ ನೀರನ್ನೂ ಪರೀಕ್ಷೆ ಮಾಡಿಸಿದೆ, ಅದೂ ಉಪ್ಪು. ಆತುರ ಬಿದ್ದು ಅದನ್ನೇ ಬಿಟ್ಟಿದ್ದರೆ ಮಾಡಿದ ಕೆಲಸವೆಲ್ಲ ಹಾಳಾಗುತ್ತಿತ್ತು. ಒಂದು ವರ್ಷ ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಬೇಸಿಗೆಯಲ್ಲಿ ಬರಿ ನೆಲ ಬಿಟ್ಟರೆ ಉಪ್ಪು ಮತ್ತೆ ಮೇಲೇರುತ್ತದೆ. ಅದಕ್ಕೇ ಅಣ್ಣನ ಗದ್ದೆಯ ಕಬ್ಬಿನ ತರಗು ತಂದು ಹರಡಿದೆ. ಅವನೇ ಗಾಡಿಯಲ್ಲಿ ತಂದು ಹಾಕಿದ, ಮಾತಾಡದೆ.

ಆ ಒಂದು ವರ್ಷ ನಾನು ಭಾನುವಾರ ಚರ್ಚಿಗೆ ಹೋಗುತ್ತಿದ್ದೆ, ಕಡೇ ಬೆಂಚಿಗೆ. ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆ ಆಗಿರಲಿಲ್ಲ, ಅದಕ್ಕೇ ಪ್ರಸಾದ ತೆಗೆದುಕೊಳ್ಳುತ್ತಿರಲಿಲ್ಲ. ಎಲ್ಲರೂ ಎದ್ದು ಹೋದಾಗ ಬೆಂಚಿನಲ್ಲಿ ಒಬ್ಬನೇ ಉಳಿಯುವುದು ಎಂಥ ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. 2024ರ ಫೆಬ್ರವರಿ 14, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ. ಹಣೆಗೆ ಬೂದಿ ಹಚ್ಚಿ ಫಾದರ್ ಹೇಳಿದರು, ನೀನು ಮಣ್ಣು, ಮಣ್ಣಿಗೇ ಹಿಂದಿರುಗುವೆ. ವರ್ಷವೆಲ್ಲ ಮಣ್ಣಿನ ಕೆಲಸ ಮಾಡಿದವನಿಗೆ ಅದು ಬೈದ ಹಾಗೆ ಕೇಳಲಿಲ್ಲ. ನನ್ನ ರಸಸಾರ ಎಷ್ಟಿರಬಹುದು ಅನಿಸಿತು.

ಪಾಪನಿವೇದನೆಗೆ ಹೋಗಿದ್ದು ಮಾರ್ಚ್ ಮಧ್ಯದಲ್ಲಿ. ನನ್ನ ಹಾಗೆ ವರ್ಷಗಟ್ಟಲೆ ಬಿಟ್ಟವರಿಗೆ ಒಂದೆರಡು ಮಾತು. ಈಸ್ಟರ್ ಹಿಂದಿನ ಪವಿತ್ರ ವಾರದಲ್ಲಿ ಹೋಗಬೇಡಿ, ಸಾಲು ಉದ್ದವಿರುತ್ತದೆ, ಹಿಂದಿನವರು ಕೆಮ್ಮುತ್ತಾರೆ. ಅದಕ್ಕೂ ಎರಡು ವಾರ ಮುಂಚೆ, ವಾರದ ನಡುವೆ ಒಂದು ಸಂಜೆ ಕೇಳಿಕೊಂಡು ಹೋಗಿ. ಎಷ್ಟು ವರ್ಷವಾಯಿತು ಅಂತ ಮೊದಲೇ ಲೆಕ್ಕ ಹಾಕಿಕೊಳ್ಳಿ, ಶುರುವಿನಲ್ಲೇ ಅದನ್ನು ಹೇಳಬೇಕು. ಪ್ರಾರ್ಥನೆ ಮರೆತಿದ್ದರೆ ಮರೆತಿದ್ದೇನೆ ಅನ್ನಿ, ಹೇಳಿಕೊಡುತ್ತಾರೆ. ನಾನು ಅಣ್ಣನ ತಪ್ಪುಗಳನ್ನೂ ಸೇರಿಸಿ ಹೇಳಲು ಶುರು ಮಾಡಿದ್ದೆ. ಫಾದರ್ ತಡೆದು, "ಅವನದು ಅವನು ಬಂದು ಹೇಳಿಕೊಳ್ತಾನೆ, ನಿಮ್ಮದು ಹೇಳಿ" ಅಂದರು. ಆಮೇಲೆ ಹೇಳುವುದು ಬಹಳ ಕಮ್ಮಿ ಉಳಿಯಿತು, ಆದರೆ ಹೇಳುವುದು ಬಹಳ ಕಷ್ಟವಾಯಿತು. ಚಹಾದ ಬಣ್ಣದ ನೀರು ನೆನಪಾಯಿತು. ಪ್ರಾಯಶ್ಚಿತ್ತಕ್ಕೆ ಅಪ್ಪನ ಸಮಾಧಿಯ ಹತ್ತಿರ ಹೋಗಿ ಒಂದು ಜಪಸರ ಮಾಡಿ ಅಂದರು. ಈ ಎರಡು ವರ್ಷದಲ್ಲಿ ಕಾಸಿಲ್ಲದೆ, ಫೋಟೊ ನಕಲಿಲ್ಲದೆ, ನಾಳೆ ಬಾ ಅನ್ನಿಸಿಕೊಳ್ಳದೆ ಆದ ಕೆಲಸ ಇದೊಂದೇ.

ಸಮಾಧಿ ಕಲ್ಲು ಚೆನ್ನಾಗಿದೆ. ಅಣ್ಣ ಅದರ ಮೇಲೆ ಅಂತೋಣಪ್ಪ ಅಂತಲೇ ಕೆತ್ತಿಸಿದ್ದಾನೆ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 2024ರ ಮೇ ತಿಂಗಳಲ್ಲಿ ಒಳ್ಳೆ ಮಳೆಯಾಯಿತು. ಡಯಂಚ ಬಿತ್ತಿದೆ. ಚೌಳಿನಲ್ಲೂ ಹುಟ್ಟುವ ಹಸಿರೆಲೆ ಗೊಬ್ಬರ ಅದು. ಅರ್ಧ ಗದ್ದೆಯಲ್ಲಿ ಎದೆಯುದ್ದ, ಇನ್ನರ್ಧದಲ್ಲಿ ಮೊಣಕಾಲುದ್ದ, ಒಂದು ಮೂಲೆಯಲ್ಲಿ ಏನೂ ಇಲ್ಲ. ಹೂವು ಬರುವ ಹೊತ್ತಿಗೆ, ಐವತ್ತು ದಿನದೊಳಗೆ, ಮಣ್ಣಿಗೆ ಸೇರಿಸಬೇಕು. ತಡವಾದರೆ ಕಡ್ಡಿಯಾಗುತ್ತದೆ. ಜುಲೈ ಕೊನೆಯಲ್ಲಿ ಕೆಆರ್‌ಎಸ್ 124.80 ಅಡಿ ತುಂಬಿತು. ನಾಲೆಗೆ ನೀರು ಬಂತು, ಕೊನೆಯ ನಮಗೂ ಬಂತು. ಗದ್ದೆಯಲ್ಲಿ ಒಂದು ಗೇಣು ನೀರು ನಿಲ್ಲಿಸುವುದು, ನಾಲ್ಕೈದು ದಿನ ಬಿಟ್ಟು ಬಸಿಗಾಲುವೆಗೆ ಬಿಡುವುದು. ಹೀಗೆ ಮೂರು ಸಲ ಮಾಡಿದೆ. ಮೂರನೇ ಸಲ ರಾತ್ರಿ ಬ್ಯಾಟರಿ ಹಿಡಿದು ನೋಡಲು ಹೋದೆ. ಗದ್ದೆಯ ನೀರಿನಲ್ಲಿ ಗುಳ್ಳೆಗಳು ಏಳುತ್ತಿದ್ದವು. ನೀರು ಕೆಳಗೆ ಇಳಿಯುತ್ತಿತ್ತು. ಗದ್ದೆಯನ್ನು ಕೆಡಿಸಿದ ನಾಲೆಯ ನೀರೇ ಅದು. ಬದುವಿನ ಮೇಲೆ ಕೂತು ಅತ್ತೆ. ಹೆಂಡತಿಗೆ ಸೊಳ್ಳೆ ಕಣ್ಣಿಗೆ ಬಿತ್ತು ಅಂತ ಹೇಳಿದ್ದೇನೆ.

ಭತ್ತಕ್ಕೆ ಚೌಳು ತಡೆಯುವ ವಿಕಾಸ್ ತಳಿ ಹಾಕಿದೆ. ಒಟ್ಲಿನಲ್ಲಿ (ಸಸಿಮಡಿಯಲ್ಲಿ) 35 ದಿನ ಬಲಿತ ಪೈರು, ಗುಳಿಗೆ ನಾಲ್ಕೈದು, ಒತ್ತೊತ್ತಾಗಿ ನಾಟಿ. ಎಳೆ ಪೈರು ಚೌಳಿಗೆ ಸುಟ್ಟುಹೋಗುತ್ತದೆ. ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಮರೆಯಬೇಡಿ. ನಾನು ಮರೆತು, ಎಲೆ ಕಂದುಬಣ್ಣಕ್ಕೆ ತಿರುಗಿದ ಮೇಲೆ ಓಡಿಹೋಗಿ ತಂದೆ.

ಎಲ್ಲ ಸೇರಿ ನನಗೆ ಆದ ಖರ್ಚು, ಸಮಾಧಿ ಕಲ್ಲಿನ 18,000 ಬಿಟ್ಟು, 52,000 ರೂಪಾಯಿ. 14 ಮೂಟೆ ಭತ್ತದಲ್ಲಿ ಅದು ಹುಟ್ಟುವುದಿಲ್ಲ. ಒಂದು ಮೂಟೆಯನ್ನು ಮೊನ್ನೆ ಭಾನುವಾರ ಕಾಣಿಕೆಗೆ ಕೊಟ್ಟೆ. ಅಣ್ಣನೇ ಇನ್ನೊಂದು ತುದಿ ಹಿಡಿದ. ಪೀಠದವರೆಗೂ "ನೆಟ್ಟಗೆ ಹಿಡ್ಕೊಳ್ಲಾ" ಅಂತ ಬೈಯುತ್ತಲೇ ಬಂದ.

ಆ ಮೂಲೆ ಇನ್ನೂ ಬೆಳ್ಳಗಿದೆ. ಸುಮಾರು ಮೂರು ಗುಂಟೆ. ಅಲ್ಲಿ ಪೈರು ನಿಲ್ಲಲಿಲ್ಲ. ಬಸಿಗಾಲುವೆಗೆ ಅದು ದೂರ, ಇನ್ನೊಂದು ಕವಲು ತೆಗೆಯಬೇಕು ಅನ್ನುತ್ತಾರೆ. ಕ್ರಿಸ್‌ಮಸ್ ಮುಗಿದ ಮೇಲೆ ಆ ಮೂಲೆಯ ಮಣ್ಣನ್ನು ಮಾತ್ರ ಬೇರೆಯಾಗಿ ಪರೀಕ್ಷೆಗೆ ಕೊಡಬೇಕು. ಹೆಂಡತಿ ಹಳೇ ದಿಂಬಿನ ಬಟ್ಟೆಯಲ್ಲಿ ಚೀಲ ಹೊಲಿದಿಟ್ಟಿದ್ದಾಳೆ.